ಠ ಯಾಕೆ ಮುಖ ಗಂಟಿಕ್ಕಿಕೊಂಡಿದೆ?

ಕಳೆದ ತಿಂಗಳು ಬಿಟಿಎಂ ಲೇಔಟ್‌ನಿಂದ ಬನಶಂಕರಿ ಕಡೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಸಾಫ್ಟ್‌ವೇರ್ ಅಣ್ಣ ನಿಂತಿದ್ದರು. ಕೊರಳಲ್ಲಿ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕಪ್ಪು ಟೀ ಶರ್ಟು. ಶರ್ಟಿನ ಮೇಲೆ ದೊಡ್ಡದಾಗಿ ಹೀಗೆ ಪ್ರಿಂಟ್ ಆಗಿತ್ತು:

ಠ_ಠ

ಆವತ್ತು ನಮಗೆ ಕೊನೆಯ ಪೀರಿಯಡ್ ಕನ್ನಡ. ತಲೆಯಲ್ಲಿ ಇನ್ನೂ ಅದೇ ಓಡುತ್ತಿತ್ತು. "ಬಿಟ್ಟ ಸ್ಥಳ ತುಂಬಿರಿ" ಪ್ರಶ್ನೆ ಇರಬೇಕು ಅಂದುಕೊಂಡು ಎರಡು ಠ ನಡುವೆ ಯಾವ ಅಕ್ಷರ ಹಾಕಿದರೆ ಪದ ಆಗುತ್ತದೆ ಅಂತ ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ತಡೆಯಲಾಗದೆ ಕೇಳಿಯೇಬಿಟ್ಟೆ: "ಭಯ್ಯಾ, ಇದು ಯಾವ ಶಬ್ದ?" ಅವರು ನಕ್ಕು, "ಶಬ್ದ ಅಲ್ಲ, ಮುಖ. ನನಗೆ ಇಷ್ಟ ಆಗಲಿಲ್ಲ ಅಂತ ನೋಡುವ ಮುಖ" ಅಂದರು. "ಇದು ಕನ್ನಡ ಅಕ್ಷರ, ಭಯ್ಯಾ" ಅಂದೆ. ಅವರು ತಲೆ ಬಗ್ಗಿಸಿ ತಮ್ಮ ಶರ್ಟನ್ನೇ ಹೊಸದಾಗಿ ನೋಡಿಕೊಂಡರು. ಬೆಂಗಳೂರಿಗೆ ಬಂದು ನಾಲ್ಕು ವರ್ಷ ಆಗಿತ್ತಂತೆ, ಎದೆಯ ಮೇಲೆ ಕನ್ನಡ ಇದೆ ಅಂತ ಗೊತ್ತಿರಲಿಲ್ಲ.

ನಂಬಿಸಲು ಕಿಟಕಿಯಿಂದ ಅಂಗಡಿ ಬೋರ್ಡುಗಳಲ್ಲಿ ಠ ಹುಡುಕಿದೆ. ಬೇಕರಿ, ಮೆಡಿಕಲ್, ಮೊಬೈಲ್ ರಿಪೇರಿ, ಎಲ್ಲೂ ಇಲ್ಲ. ಆಮೇಲೆ ಒಂದು ಬೋರ್ಡು ಬಂತು: ಪೊಲೀಸ್ ಠಾಣೆ. ತೋರಿಸಿದೆ. "ಸರಿಯಾದ ಜಾಗದಲ್ಲೇ ಇದೆ ಈ ಮುಖ" ಅಂದರು ಅಣ್ಣ.

ಗೆಳೆಯರೇ, ಈ ಒಂದು ಅಕ್ಷರದ ಬೆನ್ನು ಹತ್ತಿ ನಾನು ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಕಾಮರ್ಸ್‌ನವರಿಗೆ ಇದೆಲ್ಲ ಯಾಕೆ ಅನ್ನಬೇಡಿ, ಮುಂದೆ ಲೆಕ್ಕ ಬರುತ್ತದೆ.

ಮೊದಲು ಮುಖದ ವಿಷಯ. ಟೈಪ್ ಮಾಡಿದ ಮಾತಿಗೆ ಮುಖಭಾವ ಇರುವುದಿಲ್ಲ, ತಮಾಷೆಗೆ ಬರೆದದ್ದು ಜಗಳಕ್ಕೆ ದಾರಿಯಾಗುತ್ತದೆ. ಈ ತೊಂದರೆಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ಪ್ರೊಫೆಸರ್ 1982ರ ಸೆಪ್ಟೆಂಬರ್ 19ರಂದು ಒಂದು ಉಪಾಯ ಹೇಳಿದರು. ತಮಾಷೆ ಆದರೆ :-) ಹಾಕಿ, ಅಲ್ಲದಿದ್ದರೆ :-( ಹಾಕಿ. ಇವನ್ನು ನೋಡಲು ಕತ್ತು ಎಡಕ್ಕೆ ವಾಲಿಸಬೇಕು. ಜಪಾನಿನವರು ಕತ್ತಿಗೆ ತೊಂದರೆ ಕೊಡದೆ ನೇರ ಮುಖ ಮಾಡಿಕೊಂಡರು: ^_^ ಅಂತ. ಎರಡು ಕಡೆ ಕಣ್ಣು, ನಡುವೆ ಬಾಯಿ. ಈ ಮಾದರಿ ಪ್ರಪಂಚದ ಗೀಕ್‌ಗಳಿಗೆಲ್ಲ ಹಿಡಿಸಿ, ಅವರು ಬೇರೆ ಬೇರೆ ಲಿಪಿಗಳಲ್ಲಿ ಕಣ್ಣು ಹುಡುಕುತ್ತ ಹೊರಟರು. ಆಗ ಸಿಕ್ಕಿದ್ದೇ ನಮ್ಮ ಠ. ದುಂಡು ಕಣ್ಣು, ಒಳಗೆ ಗುಡ್ಡೆ, ಮೇಲೆ ತಲೆಕಟ್ಟೇ ಹುಬ್ಬು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೆ ಸಸ್ಪೆನ್ಸ್ ಅಕೌಂಟ್ ತೆರೆದು ಕೂತಾಗ ಮ್ಯಾಮ್ ನೋಡುತ್ತಾರಲ್ಲ, ಅದೇ ನೋಟ.

ಗೀಕ್‌ಗಳು ಠ ಒಂದಕ್ಕೇ ನಿಲ್ಲಲಿಲ್ಲ. ಅಳುವ ಮುಖಕ್ಕೆ ಥ_ಥ ಮಾಡಿದರು, ಒಂದು ಕಣ್ಣಿಗೆ ಕನ್ನಡಕ ಹಾಕಿದ ಸಾಹೇಬರ ಮುಖಕ್ಕೆ ಠ_ರೃ ಮಾಡಿದರು. ಈ ರೃ ನಮಗೇ ಸಿಗುವುದು ಅಪರೂಪ. ನೈರೃತ್ಯ ಎಂಬ ಒಂದು ಪದ ಗೊತ್ತು, ಅದನ್ನೂ ನಾವು ಮೂರು ಥರ ಬರೆಯುತ್ತೇವೆ. ನನ್ನ ಒಂದೇ ತಕರಾರು ಅಂದರೆ, ಇಷ್ಟ ಆಗಲಿಲ್ಲ ಅನ್ನೋದಕ್ಕೆ ಕನ್ನಡದವರು "ಥೂ" ಅಂತಾರೆ, "ಥತ್" ಅಂತಾರೆ. "ಠೂ" ಅಂದವರನ್ನು ನಾನು ನೋಡಿಲ್ಲ. ಒಬ್ಬ ಕನ್ನಡಿಗರನ್ನು ಕೇಳಿದ್ದರೂ ಸರಿಯಾದ ಅಕ್ಷರ ಹೇಳಿಕೊಡುತ್ತಿದ್ದರು.

ಇನ್ನೊಂದು ವಿಷಯ ಇತಿಹಾಸದ ಗೆಳೆಯರಿಗೆ. ಅಶೋಕನ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಠ ಅಂದರೆ ಬರೀ ಒಂದು ಸೊನ್ನೆ. ನಡುವೆ ಚುಕ್ಕಿ ಇಟ್ಟರೆ ಅದು ಥ. ನಮ್ಮ ಮಸ್ಕಿ, ಬ್ರಹ್ಮಗಿರಿ ಶಾಸನಗಳು ಆ ಲಿಪಿಯಲ್ಲೇ ಇವೆ. ಅಂದರೆ ಎರಡು ಸಾವಿರ ವರ್ಷದ ಹಿಂದೆ ಇದೇ ಮುಖ ಕೆತ್ತಿದ್ದರೆ ಓದುವವರು ಥ ಅಂತಲೇ ಓದುತ್ತಿದ್ದರು. ನನ್ನ ತಕರಾರಿಗೆ ಅಶೋಕನ ಸಾಕ್ಷಿಯೂ ಸಿಕ್ಕಿತು.

ಈಗ ಲೆಕ್ಕ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಹಾಗಾಗಿ ಪ್ರಪಂಚದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಟ್ಟಿರುವ ದೊಡ್ಡ ಲೆಡ್ಜರ್ ಒಂದಿದೆ, ಅದೇ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನಮಗೆ ಕೊಟ್ಟಿರುವ ಫೋಲಿಯೋ 3200ರಿಂದ 3327ರವರೆಗೆ, ಒಟ್ಟು 128 ಮನೆ. ಅದರಲ್ಲಿ ಠ 3232ನೇ ಮನೆಯಲ್ಲಿದೆ, ಥ 3237ರಲ್ಲಿ.

ಇಲ್ಲೊಂದು ಚೆಂದದ ವಿಷಯ ಇದೆ. ಭಾರತದ ಪ್ರಮುಖ ಲಿಪಿಗಳಿಗೆ ಒಂದೇ ನಕ್ಷೆಯ ಸೈಟುಗಳನ್ನು ಸಾಲಾಗಿ ಕೊಟ್ಟಿದ್ದಾರೆ, ಜಯನಗರದ ಬ್ಲಾಕುಗಳ ಹಾಗೆ. ದೇವನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳಂ. ಒಂದೊಂದಕ್ಕೂ 128 ಮನೆ. ಕನ್ನಡದ ಠ ನಂಬರಿನಿಂದ 128 ಕಳೆಯಿರಿ, 3104. ಅದು ತೆಲುಗಿನ ಠ. ಏಳು ಬ್ಲಾಕು ಹಿಂದೆ ಹೋಗಿ, 3232ರಲ್ಲಿ 896 ಕಳೆದರೆ 2336. ಅದು ಹಿಂದಿಯ ಠ. ತಮಿಳಿನಲ್ಲಿ ಠ ಇಲ್ಲವಲ್ಲ, ಅಲ್ಲಿ ಆ ಮನೆ ಖಾಲಿ ಸೈಟು, ಯಾರೂ ಕಟ್ಟಿಲ್ಲ. ಫೋನಿನಲ್ಲಿ ಫಾಂಟ್ ಇಲ್ಲದಿದ್ದರೆ ಅಕ್ಷರದ ಬದಲು ಖಾಲಿ ಡಬ್ಬಿಗಳು ಕಾಣುತ್ತವೆ. ಅದಕ್ಕೆ ಗೀಕ್‌ಗಳು ಇಟ್ಟ ಹೆಸರು ಟೋಫು. ಬೆಂಗಳೂರಿನವರು ಇಟ್ಟಿದ್ದರೆ ಪನೀರ್ ಅನ್ನುತ್ತಿದ್ದರು.

ಕಾಸ್ಟಿಂಗ್‌ಗೆ ಬರೋಣ. ಯುಟಿಎಫ್-8 ಎಂಬ ಕ್ರಮದಲ್ಲಿ ಉಳಿಸಿದರೆ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಒತ್ತು, ಗುಣಿತಗಳಿಗೂ ಬೇರೆ ಬೇರೆ ಲೆಕ್ಕ. "ಕನ್ನಡ" ಅಂದರೆ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ಕ, ನ, ಒತ್ತಿಗೆ ಬೇಕಾದ ಹಲಂತ, ಮತ್ತೆ ನ, ಡ, ಹೀಗೆ ಐದು. 15 ಬೈಟ್. ಇದೇ ಪದ ಇಂಗ್ಲಿಷ್ ಅಕ್ಷರಗಳಲ್ಲಿ 7 ಬೈಟ್. ವಾಟ್ಸಾಪಿನಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಎಸ್ಸೆಮ್ಮೆಸ್ಸಿನಲ್ಲಿ ಇದೆ. ಒಂದು ಎಸ್ಸೆಮ್ಮೆಸ್ ಅಂದರೆ 140 ಬೈಟ್‌ನ ಚೀಲ. ಅದರಲ್ಲಿ ಇಂಗ್ಲಿಷ್ 160 ಅಕ್ಷರ ತುಂಬಬಹುದು, ಕನ್ನಡ 70 ಮಾತ್ರ. ದಾಟಿದರೆ ಚೀಲಗಳನ್ನು ಜೋಡಿಸಬೇಕು, ಆಗ ಜೋಡಿಸುವ ಖರ್ಚು ಕಳೆದು ಒಂದೊಂದರಲ್ಲಿ 67. ಅಂಗಡಿಯವರು 140 ಅಕ್ಷರದ ಆಫರ್ ಮೆಸೇಜನ್ನು ಇಂಗ್ಲಿಷಿನಲ್ಲಿ ಕಳಿಸಿದರೆ ಒಂದರ ಬಿಲ್ಲು, ಕನ್ನಡದಲ್ಲಿ ಕಳಿಸಿದರೆ ಮೂರರ ಬಿಲ್ಲು. ನಮಗೆ ಬರುವ ಮೆಸೇಜುಗಳು ಕನ್ನಡದಲ್ಲಿ ಯಾಕಿಲ್ಲ ಅನ್ನುವುದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ಹೀಗಿದೆ.

ಉರ್ದುವಿಗೂ ಇದೇ ಗತಿ, ಅಲ್ಲೂ 70. ಉರ್ದು ಎತ್ತಿದ್ದಕ್ಕೆ ನಮ್ಮ ನಾನಿ ನೆನಪಾದರು. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಉರ್ದು ಚೆನ್ನಾಗಿ ಓದುತ್ತಾರೆ. ಆ ಸಂಜೆ ತಿಲಕ್ ನಗರದ ಅವರ ಮನೆಗೆ ಹೋದಾಗ ಫೋನಿನಲ್ಲಿ ಠ_ಠ ತೋರಿಸಿ ಇದು ಯಾರ ಮುಖ ಹೇಳಿ ಅಂದೆ. ಕೂಡಲೇ "ನಿಮ್ಮ ನಾನಾ, ಚಹಾ ತಣ್ಣಗಾದಾಗ" ಅಂದರು. ಆಮೇಲೆ ಇದು ಯಾವ ಅಕ್ಷರ ಅಂತ ಕೇಳಿದರು. ಠ ಅಂದೆ, ಠಂಡಾ ಅನ್ನುವಲ್ಲಿ ಬರುವ ಠ.

ಉರ್ದುವಿನಲ್ಲಿ ಠ ಎಂಬ ಒಂದೇ ಅಕ್ಷರ ಇಲ್ಲ. ಮೊದಲು ಟೆ ಬರೆದು ಅದಕ್ಕೆ ಒಂದು ಹಕಾರ ಜೋಡಿಸಬೇಕು. ಯೂನಿಕೋಡಿನಲ್ಲೂ ಎರಡು ನಂಬರ್, 1657 ಮತ್ತು 1726. ಆ ಹಕಾರದ ಹೆಸರು ದೋ ಚಶ್ಮೀ ಹೇ. ಚಶ್ಮ್ ಅಂದರೆ ಕಣ್ಣು, ಚಶ್ಮಾ ಬಂದದ್ದು ಅಲ್ಲಿಂದಲೇ. ಎರಡು ಕಣ್ಣಿನ ಹಕಾರ! ನೋಡಲು ಹಾಗೆಯೇ ಇದೆ, ಪಕ್ಕಪಕ್ಕದಲ್ಲಿ ಎರಡು ತೂತು. ನಾನಿ ಕಾಗದದ ಮೇಲೆ ಬರೆದು ತೋರಿಸಿ, "ಇವರು ಯಾಕೆ ಎರಡೆರಡು ಸಲ ಬರೆದಿದ್ದಾರೆ? ನಮ್ಮದರಲ್ಲಿ ಒಂದು ಸಲ ಬರೆದರೆ ಎರಡು ಕಣ್ಣು ಬರುತ್ತದಲ್ಲ" ಅಂದರು.

ಈ ಅಕ್ಷರಕ್ಕೂ ನನಗೂ ಹಳೆಯ ಲೆಕ್ಕ ಒಂದಿದೆ. ಎಂಟನೇ ಕ್ಲಾಸಿನಲ್ಲಿ ಉಕ್ತಲೇಖನದಲ್ಲಿ ನಾನು ಪಾಠ ಎಂಬುದನ್ನು "ಪಾಟ" ಅಂತ, ಕಠಿಣ ಎಂಬುದನ್ನು "ಕಟಿಣ" ಅಂತ ಬರೆದಿದ್ದೆ. ಕೆಂಪು ಶಾಯಿಯಲ್ಲಿ ಎರಡು ಸೊನ್ನೆ ಸುತ್ತಿ ಬಂತು. ಪಕ್ಕದ ಬೆಂಚಿನಿಂದ ಒಂದು ಮಾತೂ ಬಂತು: "ಇವರ ಮನೆಯಲ್ಲಿ ಉರ್ದು ಅಲ್ವಾ, ಅದಕ್ಕೇ." ನಾನು ಏನೂ ಹೇಳಲಿಲ್ಲ. ನಿಜ ಇರಬಹುದು ಅಂತಲೇ ತುಂಬಾ ದಿನ ನಂಬಿದ್ದೆ. ಕ್ಲಾಸಿನಲ್ಲಿ ಗಟ್ಟಿಯಾಗಿ ಓದು ಅಂದರೆ ಕೈಕಾಲು ತಣ್ಣಗಾಗುತ್ತಿತ್ತು.

ಈಗ ಯೋಚಿಸಿದರೆ ಆದದ್ದು ಉಲ್ಟಾ. ನಮ್ಮ ಕಡೆ ಆಡುಮಾತಿನಲ್ಲಿ ಹೆಚ್ಚಿನವರು ಪಾಠವನ್ನು "ಪಾಟ" ಅಂತಲೇ ಅನ್ನುತ್ತಾರೆ, ಮಹಾಪ್ರಾಣ ಬರವಣಿಗೆಯಲ್ಲಿ ಮಾತ್ರ. ನಾನು ಗೆಳೆಯರ ಬಾಯಿಂದ ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೆ. ಮನೆಯಲ್ಲಿ ದಿನಾ ಠ ಕೇಳುತ್ತಿದ್ದೆ: ಠೀಕ್, ಮೀಠಾ, ಅಂಗೂಠಾ. ಬೆಳಗ್ಗೆ ಅಮ್ಮಿ ಕಂಬಳಿ ಎಳೆದು "ಉಠ್!" ಅನ್ನುವಾಗ ಆ ಠ ಬಕೆಟ್ ನೀರು ಸುರಿದ ಹಾಗೆ ಇರುತ್ತದೆ. ಕಿವಿಯಲ್ಲಿ ಇದ್ದದ್ದನ್ನು ನಂಬಿ ಬರೆದಿದ್ದರೆ ಎರಡು ಮಾರ್ಕ್ಸ್ ಉಳಿಯುತ್ತಿತ್ತು. ಈಗ ನನಗೆ ಠ ಇರುವ ಪದಗಳ ಮೇಲೆ ಸ್ವಲ್ಪ ಹಕ್ಕು ಬಂದ ಹಾಗಿದೆ. ಅವು ಕಾಮರ್ಸ್‌ನವರಿಗೆ ಹತ್ತಿರದವು ಕೂಡ: ಬ್ಯಾಂಕಿನ ಠೇವಣಿ, ಕಂಪನಿ ಮೀಟಿಂಗಿನ ಠರಾವು, ಕಾಗದದ ಮೇಲಿನ ಠಸ್ಸೆ. ಅಮ್ಮಿಯ ನಿಶ್ಚಿತ ಠೇವಣಿ ಫಾರಂ ಕನ್ನಡದಲ್ಲಿ ತುಂಬಿಕೊಟ್ಟದ್ದು ನಾನೇ.

ಠ ಟೈಪ್ ಮಾಡುವುದು ಹೇಗೆ? ಫೋನಿನಲ್ಲಿ ಸುಲಭ. ಕಂಪ್ಯೂಟರಿನಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದ, ಸರ್ಕಾರ ಒಪ್ಪಿದ ಕೀಲಿಮಣೆ ಇದೆ, ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ಅದರಲ್ಲಿ ಟಿ ಕೀಲಿ ತಕಾರಕ್ಕೆ ಹೋಗಿದೆ, ಹಾಗಾಗಿ ಕ್ಯೂ ಒತ್ತಿದರೆ ಟ, ಶಿಫ್ಟ್ ಹಿಡಿದು ಒತ್ತಿದರೆ ಠ. ಒಂದು ಎಚ್ಚರಿಕೆ. ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ನಂಬರಿಗೇ ಕನ್ನಡದ ಚಿತ್ರ ಅಂಟಿಸುತ್ತಿದ್ದರು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಕಸ. ಈ ಲೇಖನದ ಮೊದಲ ಪುಟವನ್ನು ಒಂದು ಡಿಟಿಪಿ ಅಂಗಡಿಯಲ್ಲಿ ಹಾಗೆ ಟೈಪ್ ಮಾಡಿಸಿದ್ದೆ. ಮನೆಗೆ ಬಂದು ಫೋನಿನಲ್ಲಿ ತೆರೆದರೆ ಯಾವುದೋ ಪಾಸ್‌ವರ್ಡ್ ಥರ ಕಂಡಿತು. ಮತ್ತೆ ನಾನೇ ಕೂತು ಯೂನಿಕೋಡಿನಲ್ಲಿ ಹೊಡೆದೆ. ಅಂಗಡಿಗೆ ಕೊಟ್ಟ ಐವತ್ತು ರೂಪಾಯಿಯನ್ನು ಯಾವ ಅಕೌಂಟಿಗೆ ಡೆಬಿಟ್ ಮಾಡಬೇಕು, ನೀವೇ ಹೇಳಿ.

ಅಕ್ಷರ ಆಯಿತು. ವಾಕ್ಯದಲ್ಲಿ ಕಂಪ್ಯೂಟರ್ ಇನ್ನೂ ಎಡವುತ್ತದೆ. 2021ರ ಜೂನ್‌ನಲ್ಲಿ ಭಾರತದ ಕೆಟ್ಟ ಭಾಷೆ ಯಾವುದು ಅಂತ ಹುಡುಕಿದರೆ ಗೂಗಲ್ ಕನ್ನಡ ಅಂತ ತೋರಿಸಿ, ಬೈಸಿಕೊಂಡು, ಕ್ಷಮೆ ಕೇಳಿತ್ತು. ಅದಕ್ಕಿಂತ ವಿಚಿತ್ರವಾದದ್ದು 2025ರ ಜುಲೈನಲ್ಲಿ ಆಯಿತು. ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ವಿಷಯವನ್ನು ಅವರ ಖಾತೆಯಲ್ಲಿ ಕನ್ನಡದಲ್ಲಿ ಹಾಕಿದ್ದರು. ಮೆಟಾ ಕಂಪನಿಯ ತಾನಾಗಿಯೇ ಅನುವಾದಿಸುವ ವ್ಯವಸ್ಥೆ ಅದನ್ನು ಇಂಗ್ಲಿಷಿಗೆ ತಂದಾಗ ಸಿದ್ದರಾಮಯ್ಯನವರೇ ನಿಧನರಾದರು ಎಂಬರ್ಥ ಬಂತು. ಸರಿಯಾಗುವವರೆಗೆ ಕನ್ನಡ ಅನುವಾದ ನಿಲ್ಲಿಸಿ ಅಂತ ಮುಖ್ಯಮಂತ್ರಿ ಕಚೇರಿಯಿಂದ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿತು.

ತಪ್ಪು ಎಲ್ಲಿ ಆಗುತ್ತದೆ ಅಂತ ಒಂದು ಉದಾಹರಣೆಯಲ್ಲಿ ನೋಡಿ (ಕಾಲ್ಪನಿಕ, ದಯವಿಟ್ಟು ನನ್ನನ್ನು ಕರೆಸಬೇಡಿ): "ಪ್ರಾಂಶುಪಾಲರು ನಿನ್ನೆ ಗೋಡೆ ಹಾರಿ ಓಡಿಹೋದ ಹುಡುಗನ ತಂದೆಯನ್ನು ಕರೆಸಿದರು." ಕೊನೆವರೆಗೆ ಓದಿದರೆ ಸರಿ. ಆತುರದಲ್ಲಿ ಅರ್ಧಕ್ಕೇ ನಿಲ್ಲಿಸಿದರೆ ಪ್ರಾಂಶುಪಾಲರೇ ಗೋಡೆ ಹಾರಿದರು. ಕನ್ನಡದಲ್ಲಿ ಕರ್ತೃ ಮೊದಲೇ ಬಂದು ಕೂರುತ್ತದೆ, ಅದರ ಕ್ರಿಯಾಪದ ಕೊನೆಯ ಬಸ್ಸಿಗೆ ಬರುತ್ತದೆ. ನಡುವೆ "ಓಡಿಹೋದ" ಎಂಬ ಕೃದಂತ ಮುಂದಿನ ಹುಡುಗನಿಗೆ ಸೇರಿದ್ದು, ಹಿಂದಿನವರಿಗಲ್ಲ. ಉರ್ದುವಿನಲ್ಲಿ "ಪ್ರಿನ್ಸಿಪಾಲ್ ಸಾಹಬ್ ನೇ" ಅಂದಾಗ ಆ "ನೇ" ಕಾವಲಿಗೆ ನಿಲ್ಲುತ್ತದೆ, ಭಾಗ್ನಾ ಅನ್ನುವ ಕ್ರಿಯೆಯ ಕರ್ತೃವಿಗೆ ಅದು ಹತ್ತುವುದೇ ಇಲ್ಲ. ಆದರೆ ನಮ್ಮ ಮನೆಯ ಬೆಂಗಳೂರು ದಖನಿಯಲ್ಲಿ ಆ "ನೇ" ಕೂಡ ನುಂಗಿಬಿಡುತ್ತೇವೆ. ಅಲ್ಲೂ ಪ್ರಾಂಶುಪಾಲರಿಗೆ ಉಳಿಗಾಲವಿಲ್ಲ.

ಮನೆಗೆಲಸ: "ನಿಷ್ಠೆ" ಮತ್ತು "ರಾಷ್ಟ್ರ", ಎರಡೂ ಕಣ್ಣಿಗೆ ಎರಡೇ ಅಕ್ಷರ. ಯುಟಿಎಫ್-8ರಲ್ಲಿ ಒಂದಕ್ಕೆ 18 ಬೈಟ್, ಇನ್ನೊಂದಕ್ಕೆ 21. ಯಾವುದಕ್ಕೆ ಎಷ್ಟು, ಯಾಕೆ? ಬಿಡಿಸಿ ಬರೆದು ಕಾಮರ್ಸ್ ಬ್ಲಾಕಿನ ನೋಟಿಸ್ ಬೋರ್ಡಿಗೆ ಚುಚ್ಚಿ. ತಪ್ಪಾದರೆ ಉತ್ತರದ ಕೆಳಗೆ ಠ_ಠ ಬರೆಯುತ್ತೇನೆ. ಅಳಬೇಕು ಅನ್ನಿಸಿದರೆ ಥ_ಥ ನಿಮ್ಮದು.