ಪರಿಷೆ ಲೆಕ್ಕದಲ್ಲಿ ಮೊತ್ತ ಕಡಿಮೆ ಬಂದರೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ನಡೆಯುವ ಕಡಲೆಕಾಯಿ ಪರಿಷೆಯ ಮಾರಾಟದ ಲೆಕ್ಕವನ್ನು ರೈತರು ಈಗ ಮೊಬೈಲಿನ ಎಕ್ಸೆಲ್‌ನಲ್ಲಿಯೂ ಇಡಬಹುದು. ‘ಎ’ ಕಾಲಂನಲ್ಲಿ ಹಸಿ, ಒಣ, ಹುರಿದದ್ದು ಎಂಬ ಬಗೆ; ‘ಸಿ’ ಕಾಲಂನಲ್ಲಿ ಹಣ. ಹಸಿಕಾಯಿಯ ಹಣವನ್ನಷ್ಟೇ ಕೂಡಲು =ಸಮ್‌ಇಫ್(ಎ2:ಎ60,"ಹಸಿ",ಸಿ2:ಸಿ60) ಎಂಬ ಸೂತ್ರ ಸಾಕು. ಸೂತ್ರದ ಹೆಸರನ್ನೂ ಕಾಲಂ ಗುರುತನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

ಹಸಿಕಾಯಿ ಮಾರಿದ ಹಣ 2400, 1850, 1600 ಆಗಿದ್ದರೆ ಮೊತ್ತ 5850 ಬರಬೇಕು. 4250 ಮಾತ್ರ ಬಂದರೆ ಕೂಡಲೇ ಸೂತ್ರ ತಿದ್ದಲು ಹೋಗಬಾರದು. ಬಿಟ್ಟುಹೋದದ್ದು 1600, ಆ ಸಾಲನ್ನೇ ನೋಡಬೇಕು. ಬಹುಮಟ್ಟಿಗೆ ಅಲ್ಲಿ “1600 ರೂ.” ಎಂದು ಬರೆದಿರುತ್ತದೆ. ಅಕ್ಷರ ಸೇರಿದ ಅಂಕಿಯನ್ನು ಎಕ್ಸೆಲ್ ಪದವೆಂದೇ ತಿಳಿದು, ತಪ್ಪಾಗಿದೆಯೆಂದು ಸಹ ಹೇಳದೆ ಬಿಟ್ಟುಬಿಡುತ್ತದೆ. ಇಂಥದ್ದು ಸಾಮಾನ್ಯವಾಗಿ ಮನೆಯ ಎಡಕ್ಕೆ ನಿಲ್ಲುತ್ತದೆ, ನಿಜವಾದ ಸಂಖ್ಯೆ ಬಲಕ್ಕೆ. “ರೂ.” ಎಂಬುದನ್ನು ಕಾಲಂನ ತಲೆಯಲ್ಲಿ ಒಮ್ಮೆ ಬರೆದರೆ ಆಯಿತು.

ಅಂಕಿ ಸರಿಯಿದ್ದರೆ ಬಗೆಯ ಹೆಸರನ್ನು ಪರೀಕ್ಷಿಸಬೇಕು. “ಹಸಿಕಾಯಿ” ಎಂದಿದ್ದರೆ ಅದು “ಹಸಿ” ಅಲ್ಲ. ಪದದ ಕೊನೆಯಲ್ಲಿ ಉಳಿದ ಖಾಲಿ ಜಾಗವೂ ಹಾಗೆಯೇ. ಕಣ್ಣಿಗೆ ಕಾಣದ ಕಾರಣ ಇದರ ಕಾಟವೇ ಹೆಚ್ಚು. ಟ್ರಿಮ್ ಸೂತ್ರದಿಂದ ಇದನ್ನು ತೆಗೆಯಬಹುದು.

ಸಾಲುಗಳು ಜೋಡಿ ತಪ್ಪಿದರೆ ಇನ್ನೂ ಅಪಾಯ. ಎ2ರ ಜೊತೆಗೆ ಸಿ3ರಿಂದ ಆರಂಭಿಸಿದರೆ ಪ್ರತಿ ಬಾರಿಯೂ ಕೆಳಗಿನ ಸಾಲಿನ ಹಣ ಸೇರುತ್ತದೆ, ಮೊತ್ತ ಮಾತ್ರ ಸರಿಯಿದ್ದಂತೆಯೇ ಕಾಣುತ್ತದೆ. ಆದ್ದರಿಂದ ಪಾಲುದಾರರಿಗೆ ಹಣ ಹಂಚುವ ಮುನ್ನ ಮೂರು ಬಗೆಗಳ ಮೊತ್ತವನ್ನು ಕೂಡಿ, ಕೈಯಲ್ಲಿರುವ ಹಣದೊಡನೆ ತಾಳೆ ನೋಡತಕ್ಕದ್ದು.