ಸುಗ್ಗಿಯ ತರುವಾಯ ಅಂಗಳದ ಗರಿಕೆಯ ಹಾಸನ್ನು ಸರಿಪಡಿಸುವ ಕ್ರಮ

ರಾಗಿಯ ಒಕ್ಕಣೆಯು ಮುಗಿದು, ಹುಲ್ಲಿನ ಮೆದೆಗಳು ಹಿತ್ತಿಲನ್ನು ಸೇರಿ, ಯುಗಾದಿಯು ಸಮೀಪಿಸುವ ವೇಳೆಗೆ ಹಳೆಯ ಮೈಸೂರು ಸೀಮೆಯ ಅನೇಕ ಜಮೀನುದಾರರ ಮನೆಗಳ ಮುಂದಣ ಅಂಗಳವು ಶೋಚನೀಯವಾದ ಸ್ಥಿತಿಯಲ್ಲಿರುತ್ತದೆ. ಮಳೆಗಾಲದಲ್ಲಿ ಹಸುರಾಗಿ ಹಬ್ಬಿದ್ದ ಗರಿಕೆಯು ಕಂದಿಹೋಗಿ, ನಡುನಡುವೆ ಬೋಳುನೆಲವು ಕಾಣಿಸಿಕೊಂಡು, ಗಾಡಿಯೂ ಟ್ರಾಕ್ಟರೂ ನಿಂತಿದ್ದ ಜಾಗವು ಕಲ್ಲಿನಂತೆ ಬಿಗಿದುಕೊಂಡಿರುತ್ತದೆ. ಇದನ್ನು ಕಂಡ ಯಜಮಾನರಲ್ಲಿ ಕೆಲವರು ಹುಲ್ಲು ಸತ್ತುಹೋಯಿತೆಂದು ತೀರ್ಮಾನಿಸಿ ಅಂಗಳಕ್ಕೆಲ್ಲ ಸಿಮೆಂಟನ್ನು ಹಾಕಿಸುವರು. ಮತ್ತೆ ಕೆಲವರು, ವಸಂತಋತುವೇ ಹುಲ್ಲುಹಾಸನ್ನು ಚೇತರಿಸತಕ್ಕ ಕಾಲವೆಂದು ಎಲ್ಲಿಯೋ ಓದಿ, ಚೈತ್ರದ ಬಿಸಿಲಿನಲ್ಲಿ ಗೊಬ್ಬರವನ್ನೆರಚಿ ಕೊಳವೆಬಾವಿಯ ನೀರನ್ನು ದಿನವೂ ಹಾಯಿಸುವರು. ಸಿಮೆಂಟಿನಿಂದ ಮನೆಯ ಮುಂದಿನ ನೆಲವು ಕಾದ ಹೆಂಚಿನಂತಾಗಿ, ಮಳೆಯ ನೀರೆಲ್ಲವೂ ಇಂಗದೆ ಬೀದಿಗೆ ಹರಿಯುವುದು. ಎರಡನೆಯ ಉಪಾಯದಿಂದ ಬಾವಿಯು ಬತ್ತುವುದಲ್ಲದೆ ಹುಲ್ಲಿಗೂ ಹೇಳಿಕೊಳ್ಳತಕ್ಕ ಪ್ರಯೋಜನವಿಲ್ಲ.

ವಸಂತದಲ್ಲಿ ಹುಲ್ಲನ್ನು ಬಿತ್ತಿ ಪೋಷಿಸಬೇಕೆಂಬ ಉಪದೇಶವು ಇಂಗ್ಲೆಂಡು ಮೊದಲಾದ ಶೀತದೇಶಗಳಿಗೆ ಸಲ್ಲತಕ್ಕದ್ದು. ಅಲ್ಲಿಯ ಹುಲ್ಲುಹಾಸುಗಳಲ್ಲಿ ಬೆಳೆಯುವ ರೈ, ಫೆಸ್ಕ್ಯೂ ಮುಂತಾದ ಜಾತಿಗಳು ತಂಪಿನಲ್ಲಿ ಚಿಗುರತಕ್ಕವು. ಚಳಿಗಾಲವು ಹಿಂದೆಗೆದು ನೆಲವು ಇನ್ನೂ ತೇವವಾಗಿರುವಾಗಲೇ ಅವು ಎಚ್ಚರಗೊಳ್ಳುವುವು. ನಮ್ಮ ಗರಿಕೆಯ ಸ್ವಭಾವವು ಬೇರೆ. ಅದಕ್ಕೆ ಶಾಖವೂ ತೇವವೂ ಕೂಡಿಬಂದಾಗ ಮಾತ್ರ ಪೂರ್ಣವಾದ ಬೆಳವಣಿಗೆಯುಂಟು. ಚೈತ್ರ ವೈಶಾಖಗಳಲ್ಲಿ ನಮ್ಮ ನೆಲದಲ್ಲಿ ಶಾಖವಿದೆ, ತೇವವಿಲ್ಲ. ಹೀಗಿರುವುದರಿಂದ ಗರಿಕೆಯ ಪಾಲಿನ ವಸಂತವು ಪಂಚಾಂಗದ ವಸಂತವಲ್ಲ. ರೋಹಿಣಿ ಮೃಗಶಿರಾ ಮಳೆಗಳೊಡನೆ, ಎಂದರೆ ಮೇ ಕೊನೆಯ ವಾರದಿಂದ ಜೂನ್ ಮೂರನೆಯ ವಾರದೊಳಗಾಗಿ, ಅದು ಪ್ರಾರಂಭವಾಗುತ್ತದೆ. ಯುಗಾದಿಯಿಂದ ಅಲ್ಲಿಯವರೆಗಿನ ಎರಡು ತಿಂಗಳು ನೆಲವನ್ನು ಸಿದ್ಧಪಡಿಸುವುದಕ್ಕೂ ಕಳೆಯನ್ನು ಕೀಳುವುದಕ್ಕೂ ತಕ್ಕ ಕಾಲವೇ ಹೊರತು ನೆಡುವುದಕ್ಕೂ ಗೊಬ್ಬರವಿಡುವುದಕ್ಕೂ ತಕ್ಕುದಲ್ಲ.

ಮೊದಲು ತಿಳಿಯಬೇಕಾದುದು, ಹುಲ್ಲು ನಿಜವಾಗಿಯೂ ಸತ್ತಿದೆಯೇ ಎಂಬುದು. ಗರಿಕೆಯು ನೆಲದ ಮೇಲೆ ಹರಿದಾಡುವ ಬಳ್ಳಿಯಂಥ ಕಾಂಡಗಳಿಂದಲೂ, ನೆಲದೊಳಗೆ ಹಬ್ಬುವ ಬೇರುಕಾಂಡಗಳಿಂದಲೂ ಬದುಕುತ್ತದೆ. ಮೇಲಿನ ಎಲೆಯು ಪೂರ್ತಿಯಾಗಿ ಒಣಗಿದರೂ ಒಳಗಿನ ಕಾಂಡವು ಅನೇಕ ವಾರಗಳು ಜೀವವನ್ನು ಹಿಡಿದುಕೊಂಡಿರುವುದು. ಒಂದು ಗೇಣು ಉದ್ದಗಲ, ನಾಲ್ಕು ಅಂಗುಲ ಆಳದ ಹೆಂಟೆಯನ್ನು ಗುದ್ದಲಿಯಿಂದ ಎತ್ತಿ ಒಡೆದು ನೋಡತಕ್ಕದ್ದು. ಬೇರುಕಾಂಡವು ಬೆಳ್ಳಗೆ ಬಿಗಿಯಾಗಿದ್ದು, ಉಗುರಿನಿಂದ ಗೀರಿದರೆ ರಸವು ಕಂಡರೆ, ಹುಲ್ಲು ನಿದ್ರಿಸುತ್ತಿದೆಯೆಂದು ತಿಳಿಯಬೇಕು. ಕಂದುಬಣ್ಣಕ್ಕೆ ತಿರುಗಿ ಲಟಕ್ಕನೆ ಮುರಿದರೆ ಆ ಭಾಗವು ಸತ್ತಿದೆ. ಸಂದೇಹವಿದ್ದರೆ ಅಂತಹ ಒಂದು ಹೆಂಟೆಯನ್ನು ಹಳೆಯ ಮಡಕೆಯ ಓಡಿನಲ್ಲಿಟ್ಟು ಎರಡು ವಾರ ನೀರು ಚಿಮುಕಿಸಿದರೆ ಚಿಗುರೇ ಉತ್ತರವನ್ನು ಕೊಡುತ್ತದೆ. ಹೀಗೆ ಅಂಗಳದ ನಾಲ್ಕೈದು ಕಡೆ ಪರೀಕ್ಷಿಸಿದಲ್ಲಿ, ಸತ್ತುಹೋಯಿತೆಂದು ಬಿಟ್ಟಿದ್ದುದರಲ್ಲಿ ಬಹುಭಾಗವು ಬದುಕಿರುವುದು ಅಪರೂಪವಲ್ಲ.

ಇನ್ನು ನೀರಿನ ವಿಚಾರ. ಊರಿನ ಮುಖಂಡರು ಇದನ್ನು ಲೆಕ್ಕ ಹಾಕಿಯೇ ನಿರ್ಧರಿಸುವುದು ಒಳ್ಳೆಯದು. ಒಂದು ಗುಂಟೆ, ಎಂದರೆ 1,089 ಚದರ ಅಡಿ ಅಂಗಳಕ್ಕೆ ಒಂದು ಅಂಗುಲ ನೀರನ್ನು ಕೊಡಬೇಕಾದರೆ ಸುಮಾರು 2,570 ಲೀಟರು ಬೇಕಾಗುತ್ತದೆ. ಬೇಸಗೆಯಲ್ಲಿ ಗರಿಕೆಯನ್ನು ಹಸುರಾಗಿಡಲು ವಾರಕ್ಕೆ ಒಮ್ಮೆಯಾದರೂ ಇಷ್ಟು ನೀರು ಬೇಕು. 2019ರಲ್ಲಿ ಪ್ರಾರಂಭವಾದ ಜಲ ಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರು ಎಂದು ಗೊತ್ತುಮಾಡಿದೆ. ಈ ಪ್ರಮಾಣದಂತೆ ಒಂದು ಗುಂಟೆಯ ಹುಲ್ಲು ವಾರಕ್ಕೊಮ್ಮೆ ಕುಡಿಯುವ ನೀರು 46 ಜನರ ಒಂದು ದಿನದ ನೀರಾಗುತ್ತದೆ. ಬೀದಿಯ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿರುವ ತಿಂಗಳಿನಲ್ಲಿ ಊರಿಗೆ ಹಿರಿಯನಾದವನ ಅಂಗಳವು ಪಚ್ಚೆಯಂತೆ ಹೊಳೆಯುವುದು ಶೋಭೆಯಲ್ಲ. ಆದುದರಿಂದ ನೀರಿಗೆ ಬಿಗಿಯಿರುವ ಊರುಗಳಲ್ಲಿ ಹುಲ್ಲನ್ನು ಒಣಗಲು ಬಿಡುವುದೇ ಸರಿಯಾದ ಕ್ರಮ, ಅದು ಅಸಡ್ಡೆಯಲ್ಲ. ಮಣ್ಣಿನ ಆಳವು ಕಡಿಮೆಯಿರುವ ಮೊರಸು ನೆಲದಲ್ಲಿ ಮಾತ್ರ ಮೂರು ನಾಲ್ಕು ವಾರಗಳಿಗೊಮ್ಮೆ, ಸೂರ್ಯಾಸ್ತದ ನಂತರ, ಬೇರಿನ ಮಟ್ಟಕ್ಕೆ ಇಳಿಯುವಂತೆ ನೀರು ಕೊಟ್ಟರೆ ಬೇರುಕಾಂಡವು ಉಳಿದುಕೊಳ್ಳುತ್ತದೆ. ದಿನವೂ ಸ್ವಲ್ಪ ಸ್ವಲ್ಪವೇ ಚಿಮುಕಿಸುವ ಪದ್ಧತಿಯು ಎಲ್ಲಕ್ಕಿಂತಲೂ ಕೆಟ್ಟದ್ದು. ಅದರಿಂದ ಬೇರುಗಳು ಆಳಕ್ಕಿಳಿಯದೆ ಮೇಲ್ಪದರದಲ್ಲಿಯೇ ನಿಂತು, ಒಂದು ದಿನ ನೀರು ತಪ್ಪಿದರೂ ಸೊರಗುವುವು. ಒಣಗಿ ನಿದ್ರಿಸುತ್ತಿರುವ ಹಾಸಿನ ಮೇಲೆ ದನಗಳನ್ನು ಕಟ್ಟಲಾಗದು, ಗಾಡಿಯನ್ನು ನಿಲ್ಲಿಸಲಾಗದು.

ಅಂಗಳದ ಹುಲ್ಲು ಕೆಡುವುದಕ್ಕೆ ನೀರಿನ ಅಭಾವಕ್ಕಿಂತಲೂ ದೊಡ್ಡ ಕಾರಣವು ನೆಲದ ಬಿಗಿತವೇ ಆಗಿರುತ್ತದೆ. ಕಣವನ್ನು ಮಾಡುವಾಗ ನೆಲವನ್ನು ಬೇಕೆಂದೇ ತೋಯಿಸಿ, ಬಡಿದು, ಸಗಣಿಯಿಂದ ಸಾರಿಸಿ, ಕಲ್ಲಿನ ಗುಂಡನ್ನು ಉರುಳಿಸುತ್ತಾರೆ. ಕಾಳಿಗೆ ಮಣ್ಣು ಬೆರೆಯಬಾರದೆಂಬ ಉದ್ದೇಶಕ್ಕೆ ಇದು ಸರಿಯಾದರೂ ಬೇರಿಗೆ ಇದರಿಂದ ಗಾಳಿಯೂ ನೀರೂ ತಪ್ಪುತ್ತವೆ. ಯಂತ್ರದಿಂದ ಒಕ್ಕುವ ಊರುಗಳಲ್ಲಿ ಕಣವಿಲ್ಲದಿದ್ದರೂ, ತುಂಬಿದ ಟ್ರೇಲರಿನ ಚಕ್ರಗಳು ಅದೇ ಕೆಲಸವನ್ನು ಮಾಡುವುವು. ಇದಕ್ಕೆ ಪರಿಹಾರವು ಭರಣಿ ಕೃತ್ತಿಕೆಗಳಲ್ಲಿ ಬೀಳುವ ಮೊದಲ ಹದಮಳೆಯ ಮಾರನೆಯ ಅಥವಾ ಮೂರನೆಯ ದಿನ ನಡೆಯಬೇಕು. ಒಣನೆಲದಲ್ಲಿ ಹಾರೆಯು ಇಳಿಯದು. ಕೆಸರುನೆಲದಲ್ಲಿ ಇಳಿಸಿದರೆ ರಂಧ್ರದ ಗೋಡೆಯೇ ಮೆತ್ತಿಕೊಂಡು ಬಿಗಿಯುವುದು. ಹಿಡಿಯಲ್ಲಿ ಅದುಮಿದ ಮಣ್ಣು ಉಂಡೆಯಾಗಿ, ಬೆರಳಿನಿಂದ ತಟ್ಟಿದೊಡನೆ ಉದುರುವ ಹದವು ಉತ್ತಮ. ಆಗ ಹಾರೆಯನ್ನಾಗಲಿ ಮೊನಚಾದ ಕಬ್ಬಿಣದ ಗೂಟವನ್ನಾಗಲಿ ಆರು ಅಂಗುಲಕ್ಕೊಂದರಂತೆ ನಾಲ್ಕು ಅಂಗುಲ ಆಳಕ್ಕೆ ಇಳಿಸಿ, ಸ್ವಲ್ಪ ಅಲುಗಾಡಿಸಿ ತೆಗೆಯತಕ್ಕದ್ದು. ಒಂದು ಗುಂಟೆಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ರಂಧ್ರಗಳಾಗುವುದರಿಂದ ಕೆಲಸವು ಬೇಸರದ್ದೇ ಸರಿ. ಆದರೆ ಬಿಗಿತವಿರುವ ಜಾಗಕ್ಕೆ ಮಾತ್ರ ಇದು ಬೇಕೇ ಹೊರತು ಅಂಗಳಕ್ಕೆಲ್ಲ ಬೇಕಾಗಿಲ್ಲ. ಪೂರ್ತಿ ಬೋಳಾದ ಕಣದ ಜಾಗವನ್ನು ಗುದ್ದಲಿಯಿಂದ ಒಂದು ಗೇಣು ಆಳಕ್ಕೆ ಅಗೆದು ಹೆಂಟೆಗಳನ್ನು ಬಿಸಿಲಿಗೆ ಬಿಡುವುದೇ ಲೇಸು. ಮಟ್ಟ ಮಾಡುವಾಗ ಮನೆಯ ಗೋಡೆಯಿಂದ ಹೊರಕ್ಕೆ 50 ಅಡಿಗೆ ಆರು ಅಂಗುಲದಷ್ಟು ಇಳಿಜಾರನ್ನು ಇಟ್ಟರೆ ನೀರು ಎಲ್ಲಿಯೂ ನಿಲ್ಲದು.

ಕಳೆಗಳಲ್ಲಿ ಪಾರ್ಥೇನಿಯಮ್ಮನ್ನು ಹೂವಾಗುವುದಕ್ಕೆ ಮೊದಲು, ಕೈಗೆ ಚೀಲವನ್ನು ಕಟ್ಟಿಕೊಂಡು, ಬೇರುಸಹಿತ ಕಿತ್ತರೆ ಸಾಕು. ಕಷ್ಟವಿರುವುದು ಜೇಕಿನಲ್ಲಿ. ಕೊನ್ನಾರಿಗೆಡ್ಡೆಯೆಂದೂ ಕರೆಯುವ ಇದರ ಗೆಡ್ಡೆಗಳು ಸರಪಣಿಯಂತೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮೇಲಿನ ಎಲೆಯನ್ನು ಕಿತ್ತೆಳೆದರೆ ಸರಪಣಿಯು ತುಂಡಾಗಿ, ಅದುವರೆಗೆ ಮಲಗಿದ್ದ ಗೆಡ್ಡೆಗಳೂ ಚಿಗುರುವುವು. ಹೀಗಾಗಿ ಅವಸರದಿಂದ ಕೀಳುವವನು ಒಂದರ ಬದಲಿಗೆ ಮೂರನ್ನು ಕಾಣುತ್ತಾನೆ. ಆದರೆ ಈ ಗೆಡ್ಡೆಗೆ ಒಂದು ದೌರ್ಬಲ್ಯವುಂಟು: ಬಿಸಿಲಿನಲ್ಲಿ ಒಣಗಿದರೆ ಅದು ಬದುಕದು. ಜೇಕು ಹಬ್ಬಿದ ಜಾಗವನ್ನು ಚೈತ್ರದಲ್ಲಿಯೇ ಒಂದು ಅಡಿ ಆಳಕ್ಕೆ ಅಗೆದು, ಸಿಕ್ಕಿದಷ್ಟು ಗೆಡ್ಡೆಗಳನ್ನು ಆರಿಸಿ, ಉಳಿದುದು ಬಿಸಿಲಿಗೆ ಬೀಳುವಂತೆ ಹದಿನೈದು ದಿನಗಳಿಗೊಮ್ಮೆ ಹೆಂಟೆಯನ್ನು ಮಗುಚಬೇಕು. ಮಳೆಯ ನಂತರ ಚಿಗುರಿದವನ್ನು ಬಿಡದೆ ಕೀಳುತ್ತ ಬಂದರೆ ಗೆಡ್ಡೆಯ ಸಾರವು ಮುಗಿಯುತ್ತದೆ. ಗ್ಲೈಫೋಸೇಟಿನಂತಹ ಔಷಧಿಯು ಗರಿಕೆಯನ್ನೂ ಕೊಲ್ಲುವುದರಿಂದ ಬದುಕಿರುವ ಹಾಸಿನ ಮೇಲೆ ಅದನ್ನು ಸಿಂಪಡಿಸಲಾಗದು.

ಇದೇ ಕಾರಣದಿಂದ ಅಂಗಳಕ್ಕೆ ಕೆರೆಗೋಡನ್ನು ಹೊಡೆಯಬಾರದು. ಹೊಲಕ್ಕೆ ಅದು ಉಪಕಾರಿಯೆಂಬುದು ಸರ್ವರಿಗೂ ತಿಳಿದದ್ದೇ. ಆದರೆ ಅದರೊಡನೆ ಜೇಕಿನ ಗೆಡ್ಡೆಗಳು ಬರುವುದುಂಟು, ಮತ್ತು ಅದರ ಜೇಡಿಯು ರಂಧ್ರಗಳನ್ನು ಮುಚ್ಚಿಬಿಡುವುದು. ಹಸಿ ಸಗಣಿಗೊಬ್ಬರವೂ ಕೂಡದು, ದನವು ತಿಂದ ಕಳೆಯ ಬೀಜವು ಅದರಲ್ಲಿ ಜೀವದಿಂದಿರುತ್ತದೆ. ಚೆನ್ನಾಗಿ ಕೊಳೆತು ಜರಡಿ ಹಿಡಿದ ಕಾಂಪೋಸ್ಟು ಒಂದು ಪಾಲು, ಕೆಂಪುಮಣ್ಣು ಒಂದು ಪಾಲು, ಮರಳು ಒಂದು ಪಾಲು ಬೆರೆಸಿ, ಹಾರೆಯ ಕೆಲಸವು ಮುಗಿದ ದಿನವೇ ಅರ್ಧ ಅಂಗುಲ ದಪ್ಪಕ್ಕೆ ಹರಡಿ, ಗುಡಿಸಿ ರಂಧ್ರಗಳಿಗೆ ಇಳಿಸಬೇಕು. ಒಂದು ಗುಂಟೆಗೆ ಸುಮಾರು 45 ಘನ ಅಡಿ ಮಿಶ್ರಣವು ಬೇಕಾಗುವುದು. ಹರಡುವುದಕ್ಕೆ ಮೊದಲು ಒಣಗಿ ಜಡೆಗಟ್ಟಿದ ಹಳೆಯ ಹುಲ್ಲನ್ನು ಕುಡುಗೋಲಿನಿಂದ ಹೆರೆದು ತೆಗೆಯುವುದನ್ನು ಮರೆಯಬಾರದು.

ಸತ್ತ ಜಾಗಗಳಿಗೆ ಗರಿಕೆಯನ್ನು ನೆಡುವುದು ರೋಹಿಣಿಯ ಮಳೆಯಾದ ಮೇಲೆ. ತಲೆಮಾರುಗಳಿಂದ ಹೊಲದಲ್ಲಿ ಗರಿಕೆಯ ಬೇರನ್ನು ಆರಿಸಿ ಬದುವಿಗೆಸೆದ ರೈತನಿಗೆ ಅದನ್ನೇ ಕೈಯಾರೆ ನೆಡೆಂದರೆ ನಗೆಯು ಬರಬಹುದು. ಗಣಪತಿಯ ಪೂಜೆಗಲ್ಲದೆ ಅದನ್ನು ಅರಸಿಹೋದವರು ಕಡಿಮೆ. ಹೊಲದಲ್ಲಿ ಅದನ್ನು ಶತ್ರುವನ್ನಾಗಿ ಮಾಡಿರುವ ಹಟವೇ ಅಂಗಳದಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸುವ ಗುಣವಾಗಿದೆ. ಬದುವಿನಿಂದ ತಂದ ಕಾಂಡವನ್ನು ಎರಡು ಮೂರು ಗೆಣ್ಣುಗಳಿರುವಂತೆ ಕತ್ತರಿಸಿ, ನಾಲ್ಕು ನಾಲ್ಕು ಅಂಗುಲಕ್ಕೆ ಒಂದರಂತೆ, ತುದಿಯು ಮೇಲಿರುವ ಹಾಗೆ ಊರತಕ್ಕದ್ದು. ಒಂದು ಗುಂಟೆ ಪೂರ್ತಿ ಬೋಳಾಗಿದ್ದರೆ 9,800 ತುಂಡುಗಳು ಬೇಕು. ಬೇರು ಹಿಡಿದು ಮೂರು ವಾರಗಳಾದ ಮೇಲೆ, ನೆಲವು ತೇವವಾಗಿಯೂ ಎಲೆಯು ಒಣಗಿಯೂ ಇರುವಾಗ, ಗುಂಟೆಗೆ ಒಂದು ಕಿಲೋ ಯೂರಿಯಾವನ್ನು ಮರಳಿನೊಡನೆ ಬೆರೆಸಿ ಎರಚಿ ಕೂಡಲೇ ನೀರು ಕೊಡಬೇಕು. ಪಕ್ಕದಲ್ಲಿಯೇ ಹೊಲವಿದ್ದರೆ ನಡುವೆ ಒಂದು ಅಡಿ ಆಳದ ಕಾಲುವೆಯನ್ನು ತೋಡಿ, ಅದನ್ನು ದಾಟಿ ಬರುವ ಬಳ್ಳಿಗಳನ್ನು ಆಗಾಗ ಕಡಿಯುತ್ತಿರಬೇಕು.

ಮೊದಲ ಮಳೆಗಳು ಬಿದ್ದ ಸಂಜೆ ಬೇವು ಜಾಲಿ ಮರಗಳಿಗೆ ಕಂದುಬಣ್ಣದ ದುಂಬಿಗಳು ಮುತ್ತುವುದನ್ನು ನೋಡಿರಬಹುದು. ಗೊಣ್ಣೆಹುಳುವಿನ ತಾಯಿಗಳು ಅವೇ. ಅವು ನೆಲದಲ್ಲಿಟ್ಟ ಮೊಟ್ಟೆಗಳಿಂದ ಹೊರಟ ಹುಳುಗಳು ಮಳೆಗಾಲವೆಲ್ಲ ಬೇರನ್ನು ಕತ್ತರಿಸುವುವು; ಆಗ ಹುಲ್ಲನ್ನು ಎಳೆದರೆ ಚಾಪೆಯಂತೆ ಎದ್ದುಬರುತ್ತದೆ. ಆ ಸಂಜೆಗಳಲ್ಲಿಯೇ ಕೊಂಬೆಗಳನ್ನು ಅಲುಗಾಡಿಸಿ, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಅಂಗಳಕ್ಕೂ ಪಕ್ಕದ ಕಬ್ಬು ಕಡಲೆಕಾಯಿಗಳಿಗೂ ರಕ್ಷಣೆ. ಊರಿನವರೆಲ್ಲ ಕೂಡಿ ಮಾಡಿದಾಗಲೇ ಇದು ಫಲಿಸುವುದರಿಂದ ಮುಖಂಡರು ಮುಂದಾಗಿ ನಿಲ್ಲತಕ್ಕ ಕೆಲಸವಿದು.

ಹುಲ್ಲು ಮೂರು ಅಂಗುಲ ಬೆಳೆದಾಗ ಮೊದಲ ಸಲ ಕತ್ತರಿಸಬಹುದು. ಒಂದೇ ಸಲಕ್ಕೆ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಲಾಗದು. ಕತ್ತರಿಸಿದ ಹುಲ್ಲು ಕರುಗಳಿಗೆ ಒಳ್ಳೆಯ ಮೇವು. ಮಾವು ಹಲಸುಗಳ ದಟ್ಟವಾದ ನೆರಳಿನಲ್ಲಿ ಗರಿಕೆಯು ಎಷ್ಟು ಉಪಚರಿಸಿದರೂ ನಿಲ್ಲದು. ಅಲ್ಲಿ ಉದುರಿದ ಎಲೆಯನ್ನೇ ಹಾಸಾಗಿ ಬಿಡುವುದು ಮೇಲು. ಕಣವು ಬೇಕೇ ಬೇಕಾದ ಮನೆಗಳಲ್ಲಿ ಅಂಗಳದ ಒಂದು ಮೂಲೆಯನ್ನು ಚಪ್ಪಡಿಕಲ್ಲಿನಿಂದ ಕಟ್ಟಿ ಬೇರ್ಪಡಿಸಿ, ಗಾಡಿಯ ದಾರಿಯನ್ನೂ ಆ ಕಡೆಯಿಂದಲೇ ಬಿಡಿಸಿದರೆ, ಮುಂದಿನ ಸುಗ್ಗಿಯ ಹೊತ್ತಿಗೆ ಚಕ್ರಗಳು ಹುಲ್ಲಿನ ಮೇಲೆ ಹಾಯಬೇಕಾಗುವುದಿಲ್ಲ.