ಬಾಲೂ ತಮ್ಮ: ದುಂಡಕ್ಷರದ ಒಂದು ಪಾಠ

ಅಚ್ಚಿನ ಅಕ್ಷರಗಳಲ್ಲಿ ಎರಡು ಬಗೆ. ಪುಟದ ತುಂಬ ನಿಂತು, ಕಣ್ಣಿಗೆ ಆಯಾಸವಾಗದಂತೆ ಓದಿಸಿಕೊಂಡು ಹೋಗುವುದು ಒಂದು. ಫಲಕದ ಮೇಲೆ, ಪುಸ್ತಕದ ಹೊದಿಕೆಯ ಮೇಲೆ ನಿಂತು ದೂರದವರನ್ನು ಕೂಗಿ ಕರೆಯುವುದು ಇನ್ನೊಂದು. ಮೊದಲನೆಯದನ್ನು ಪಠ್ಯಾಕ್ಷರವೆಂದೂ ಎರಡನೆಯದನ್ನು ಶೀರ್ಷಿಕಾಕ್ಷರವೆಂದೂ ಕರೆಯೋಣ. ಎರಡನೆಯದಕ್ಕೆ ಒಳ್ಳೆಯ ನಿದರ್ಶನವೊಂದು ‘ಬಾಲೂ ತಮ್ಮ’.

ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರವಿನ್ಯಾಸಕರ ತಂಡವು ಭಾರತದ ಹಲವು ಲಿಪಿಗಳಿಗಾಗಿ ‘ಬಾಲೂ’ ಎಂಬ ಅಕ್ಷರಕುಟುಂಬವನ್ನು ರಚಿಸಿದೆ. ಇದರ ಗೆರೆ ದಪ್ಪ, ಮೂಲೆಗಳು ಮೃದು. ಕೈಯಿಂದ ಬರೆದುದರ ಸಲುಗೆಯೂ ಮಕ್ಕಳಾಟದ ಲವಲವಿಕೆಯೂ ಇದರಲ್ಲಿವೆ. ಹೆಸರನ್ನು ಕೇಳಿದೊಡನೆ ಕಿಪ್ಲಿಂಗನ 1894ರ ‘ಜಂಗಲ್ ಬುಕ್’ನ ಕರಡಿ ನೆನಪಿಗೆ ಬಾರದಿರದು. ಕುಟುಂಬದ ಹೆಸರುಗಳಲ್ಲಿಯೂ ಬಂಧುತ್ವವುಂಟು: ಕನ್ನಡದ್ದು ತಮ್ಮ, ತೆಲುಗಿನದು ತಮ್ಮುಡು, ತಮಿಳಿನದು ತಂಬಿ, ಮಲಯಾಳದ್ದು ಚೇಟ್ಟನ್, ಎಂದರೆ ಅಣ್ಣ.

ಇಂತಹ ದಪ್ಪಕ್ಷರವನ್ನು ಕನ್ನಡದಲ್ಲಿ ರಚಿಸುವುದು ಸುಲಭವಲ್ಲ. ನಮ್ಮ ಲಿಪಿ ಮೊದಲೇ ದುಂಡು. ಗೆರೆಯನ್ನು ದಪ್ಪಗೊಳಿಸಿದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ‘ದ’ಕಾರದ ಅಡಿಯಲ್ಲಿ ಒಂದು ಸೀಳನ್ನಿಟ್ಟರೆ ‘ಧ’, ಒಳಗೆ ಚುಕ್ಕೆಯನ್ನೂ ಇಟ್ಟರೆ ‘ಥ’. ಆ ಬಯಲು ಮುಚ್ಚಿಹೋದರೆ ಮೂರಕ್ಕೂ ಭೇದವುಳಿಯದು. ‘ರಾಷ್ಟ್ರ’ದಂತಹ ಪದದಲ್ಲಿ ಎರಡು ಒತ್ತುಗಳು ಅಕ್ಷರದ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆಯೂ ಸಾಕಷ್ಟು ಎಡೆ ಬೇಕು. ಆದುದರಿಂದ ವಿದ್ಯಾರ್ಥಿಗಳು ಶೀರ್ಷಿಕೆಯನ್ನು ಬರೆದೊಡನೆ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಬೇಕು. ಒತ್ತು, ಸೀಳು, ಚುಕ್ಕೆಗಳು ಅಲ್ಲಿಂದಲೂ ಸ್ಪಷ್ಟವಾಗಿ ಕಂಡರೆ ಬರವಣಿಗೆ ಸರಿಯಾಯಿತೆಂದು ತಿಳಿಯಬಹುದು.

ಗೋಡೆಪತ್ರಿಕೆಯ ತಲೆಬರಹ, ನಾಟಕದ ಭಿತ್ತಿಪತ್ರ, ಶಿಶುವಿಹಾರದ ಫಲಕ, ಮಕ್ಕಳ ಪುಸ್ತಕದ ಹೊದಿಕೆ—ಇವುಗಳಿಗೆ ಈ ಅಕ್ಷರ ಒಪ್ಪುತ್ತದೆ. ಪ್ರಶ್ನಪತ್ರಿಕೆಗಾಗಲಿ ಶ್ರದ್ಧಾಂಜಲಿಗಾಗಲಿ ಒಪ್ಪದು. ನಗುಮುಖಕ್ಕೂ ಒಂದು ಸಮಯವುಂಟು. ಉದ್ದನೆಯ ಲೇಖನವನ್ನು ಇದರಲ್ಲಿ ಅಚ್ಚು ಮಾಡಿದರೆ ಓದುಗರು ಬೇಗನೆ ದಣಿಯುವರು. ಮುಕ್ತ ಪರವಾನಗಿಯಲ್ಲಿ ದೊರೆಯುವುದರಿಂದ ಬಡ ಶಾಲೆಯೂ ಇದನ್ನು ಹಣ ಕೊಡದೆ ಗಣಕಯಂತ್ರದಲ್ಲಿ ಬಳಸಬಹುದು.

ಕಾಸರಗೋಡಿನವರಾದ ನಮಗೆ ಇದರಲ್ಲಿ ಇನ್ನೊಂದು ವಿಶೇಷವಿದೆ. ಎರಡು ಲಿಪಿಗಳ ಫಲಕದಲ್ಲಿ ಒಂದು ಪುಷ್ಟವಾಗಿ ನಿಂತು, ಇನ್ನೊಂದು ಮೂಲೆಯಲ್ಲಿ ಸೊರಗಿ ಕಾಣುವುದನ್ನು ನಾವು ಎಷ್ಟೋ ಬಾರಿ ನೋಡಿದ್ದೇವೆ. ದಿನವೂ ಅದನ್ನೇ ಕಾಣುವ ಮಗು, ತನ್ನ ಮನೆಯ ಮಾತಿಗೆ ಅಷ್ಟೇ ಬೆಲೆಯೆಂದು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ. ತಮ್ಮನನ್ನೂ ಚೇಟ್ಟನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರ ಮೈಕಟ್ಟೂ ಒಂದೇ. ಯಾರೂ ಯಾರ ನೆರಳಿನಲ್ಲಿಯೂ ಇಲ್ಲ. ನೆರೆಯ ಲಿಪಿಯನ್ನು ಕುಗ್ಗಿಸದೆ ನಮ್ಮ ಲಿಪಿಯನ್ನು ಎತ್ತಿ ನಿಲ್ಲಿಸುವುದು ಸಾಧ್ಯವೆಂಬುದನ್ನು ನಮ್ಮ ಶಾಲೆಗಳ ಫಲಕಗಳೇ ಮೊದಲು ತೋರಿಸಲಿ.